ಧನಸ್ಪರ್ಶ ನಿರ್ಣಯ: ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಮಡಿ–ಮೈಲಿಗೆಯ ವಿಚಾರ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಫುಟ್‌ಬಾಲನ್ನೋ ಬ್ಯಾಸ್ಕೆಟ್‌ಬಾಲನ್ನೋ ಆಡುವ ಹದಿನೆಂಟರ ಹುಡುಗನಿಗೆ ಹಣ ಸೋಕಿದರೆ ಮೈಲಿಗೆಯಾಗುತ್ತದೆಯೇ, ಆಗುವುದಾದರೆ ಎಷ್ಟು ಡಾಲರಿಗೆ ಆಗುತ್ತದೆ, ಯಾರ ಕೈಯಿಂದ ಬಂದರೆ ಆಗುತ್ತದೆ, ಮತ್ತು ಅದೇ ಹಣ ಅದೇ ಮೈದಾನದ ಅಂಚಿನಲ್ಲಿ ನಿಂತು ಕೂಗಾಡುವ ತರಬೇತುದಾರನಿಗೆ ಸೋಕಿದಾಗ ಏಕೆ ಆಗುವುದಿಲ್ಲ ಎಂಬುದು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಆ ದೇಶದ ಪಂಡಿತರನ್ನೂ ನ್ಯಾಯಾಧೀಶರನ್ನೂ ಕಾಡುತ್ತ ಬಂದಿರುವ ಪ್ರಶ್ನೆಯಾಗಿದೆ. ಇದನ್ನು ಕೆಲವರು ಅರ್ಥಶಾಸ್ತ್ರದ ಪ್ರಶ್ನೆಯೆಂದೂ ಕೆಲವರು ಕಾರ್ಮಿಕ ಕಾನೂನಿನ ಪ್ರಶ್ನೆಯೆಂದೂ ಭಾವಿಸಿದ್ದಾರೆ, ಎರಡೂ ಭ್ರಮೆ. ಇದು ಅಪ್ಪಟ ಆಚಾರದ ಪ್ರಶ್ನೆ. ಗಳುವಿನ ಮೇಲೆ ಒಣಗಿದ ಮಡಿಪಂಚೆಯನ್ನು ಯಾರು, ಯಾವಾಗ, ಯಾವ ಕೋಲಿನಿಂದ ಇಳಿಸಬಹುದೆಂಬ ಸೂಕ್ಷ್ಮವನ್ನು ಬಲ್ಲ ಕನ್ನಡ ಓದುಗರಿಗೆ ಇದು ಅಮೆರಿಕದವರಿಗಿಂತ ಬೇಗ ತಿಳಿಯತಕ್ಕದ್ದು.

ಈ ಆಚಾರದ ಮೂಲತತ್ತ್ವಕ್ಕೆ ಅಲ್ಲಿ ಅಮೆಚ್ಯೂರ್ ಧರ್ಮವೆಂದು ಹೆಸರು. ಹಣದ ಆಸೆಯಿಲ್ಲದೆ, ಕೇವಲ ಆಟದ ಮೇಲಿನ ಪ್ರೀತಿಯಿಂದ ಆಡುವವನು ಅಮೆಚ್ಯೂರ್. ಪ್ರಾಚೀನರ ಮತದಂತೆ ಹಿಂದೊಂದು ಕೃತಯುಗವಿದ್ದು, ಆಗ ಎಲ್ಲ ವಿದ್ಯಾರ್ಥಿಗಳೂ ಹೀಗೆಯೇ ಆಡುತ್ತಿದ್ದರು. ಆ ಯುಗದ ಕಾಲನಿರ್ಣಯಕ್ಕೆ ಹೊರಟವರಿಗೆ ಮಾತ್ರ ಸ್ವಲ್ಪ ಕಷ್ಟವಾಗುತ್ತದೆ. ಅಮೆರಿಕದಲ್ಲಿ ಎರಡು ಕಾಲೇಜುಗಳು ಪರಸ್ಪರ ಸ್ಪರ್ಧಿಸಿದ ಮೊದಲ ಕ್ರೀಡೆಯೆಂದರೆ 1852ರಲ್ಲಿ ನ್ಯೂ ಹ್ಯಾಂಪ್‌ಶೈರಿನ ವಿನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವೆ ನಡೆದ ದೋಣಿ ಪಂದ್ಯ. ಹುಟ್ಟು ಹಾಕಿದ ವಿದ್ಯಾರ್ಥಿಗಳ ಖರ್ಚುವೆಚ್ಚವನ್ನು ಅಂದು ವಹಿಸಿಕೊಂಡದ್ದು, ಆ ಸರೋವರದ ಕಡೆಗೆ ಪ್ರಯಾಣಿಕರನ್ನು ಸೆಳೆಯುವ ಆಸೆಯಿದ್ದ ಒಂದು ರೈಲ್ವೆ ಕಂಪನಿ. ಅಂದರೆ ಮೊದಲ ಪಂದ್ಯವೇ ಜಾಹೀರಾತು. ಕೃತಯುಗವನ್ನು ಇದಕ್ಕಿಂತ ಹಿಂದೆ ಹಾಕಬೇಕಾದರೆ ಪಂದ್ಯಗಳೇ ಇಲ್ಲದ ಕಾಲಕ್ಕೆ ಹಾಕಬೇಕಾಗುತ್ತದೆ, ಮತ್ತು ಆಟವೇ ಇಲ್ಲದಲ್ಲಿ ಆಟಗಾರರು ಪರಿಶುದ್ಧರಾಗಿದ್ದರೆಂಬುದನ್ನು ಯಾರೂ ಅಲ್ಲಗಳೆಯಲಾರರು. ಇನ್ನು 1904ರಲ್ಲಿ ಯೇಲ್ ತಂಡದ ನಾಯಕನಾಗಿದ್ದ ಜೇಮ್ಸ್ ಹೋಗನ್‌ಗೆ ಶುಲ್ಕವಿಲ್ಲದ ಓದು, ಬಿಟ್ಟಿ ಊಟ, ಕ್ಯೂಬಾ ಪ್ರವಾಸಗಳ ಜೊತೆಗೆ ಊರಿನಲ್ಲಿ ಮಾರಾಟವಾಗುವ ಸಿಗರೇಟಿನ ಮೇಲೆ ಕಮಿಷನ್ ಕೂಡ ಸಲ್ಲುತ್ತಿತ್ತೆಂಬುದು ದಾಖಲಾಗಿದೆ. ಓಟಗಾರರ ಶ್ವಾಸಕೋಶದ ಕುರಿತು ಆಗ ಇಂದಿನಷ್ಟು ಕಾಳಜಿ ಇರಲಿಲ್ಲ.

1905ರಲ್ಲಿ ಫುಟ್‌ಬಾಲ್ ಮೈದಾನದಲ್ಲಿ ಹುಡುಗರು ಒಬ್ಬರ ಹಿಂದೊಬ್ಬರು ಸತ್ತದ್ದರಿಂದ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಕರೆಸಿ ಬುದ್ಧಿ ಹೇಳಬೇಕಾಯಿತು, ಅದರ ಬೆನ್ನಿಗೆ 1906ರಲ್ಲಿ ಹುಟ್ಟಿದ್ದೇ ಮುಂದೆ ಎನ್‌ಸಿಎಎ ಎಂದು ಪ್ರಸಿದ್ಧವಾದ ಕಾಲೇಜು ಕ್ರೀಡಾ ಸಂಘ. ಮೂಳೆ ಮುರಿಯದಂತೆ ನೋಡಿಕೊಳ್ಳಲೆಂದು ಹುಟ್ಟಿದ ಸಂಘವು ಕ್ರಮೇಣ ಮಡಿ ಮುರಿಯದಂತೆ ನೋಡಿಕೊಳ್ಳುವುದರಲ್ಲಿ ತನ್ನ ನಿಜವಾದ ಪ್ರತಿಭೆಯನ್ನು ಕಂಡುಕೊಂಡಿತು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನವು ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಪರಿಶೀಲಿಸಿ ಅವುಗಳಲ್ಲಿ ಬಹುಪಾಲು ಮೈಲಿಗೆಯಾಗಿವೆಯೆಂದು ವರದಿ ಕೊಟ್ಟಾಗ ಎಲ್ಲರೂ ಬಹಳ ನೊಂದುಕೊಂಡರು, ಮತ್ತು ನೊಂದುಕೊಂಡೇ ಕೊಡುವುದನ್ನು ಮುಂದುವರಿಸಿದರು. ಕೊನೆಗೆ 1956ರಲ್ಲಿ ಆಟದ ಯೋಗ್ಯತೆಯ ಮೇಲೆಯೇ ವಿದ್ಯಾರ್ಥಿವೇತನ ಕೊಡಬಹುದೆಂದು ಸಂಘ ಒಪ್ಪಿತು. ಶುಲ್ಕ, ವಸತಿ, ಊಟ, ಪುಸ್ತಕಗಳೊಂದಿಗೆ ಬಟ್ಟೆ ಒಗೆಸಿಕೊಳ್ಳಲು ತಿಂಗಳಿಗೆ 15 ಡಾಲರ್. ಒಗೆಯುವ ಕಾರ್ಯಕ್ಕೆ ವಿನಿಯೋಗವಾಗುವ ಹಣ ಸ್ವಯಂ ಶುದ್ಧವೆಂಬುದು ಇಲ್ಲಿನ ತರ್ಕವಾಗಿರಬೇಕು.

ಇದೇ ಅವಧಿಯಲ್ಲಿ ಸಂಘದ ಮೊದಲ ಕಾರ್ಯನಿರ್ವಾಹಕ ನಿರ್ದೇಶಕ ವಾಲ್ಟರ್ ಬೈಯರ್ಸ್ ಮತ್ತು ಅವರ ಕಡೆಯವರು ‘ವಿದ್ಯಾರ್ಥಿ–ಕ್ರೀಡಾಪಟು’ ಎಂಬ ಜೋಡುಪದವನ್ನು ಚಲಾವಣೆಗೆ ತಂದರು. ಮೈದಾನದಲ್ಲಿ ಗಾಯಗೊಂಡವರು ಕಾರ್ಖಾನೆಯ ನೌಕರರಂತೆ ಪರಿಹಾರ ಕೇಳತೊಡಗಿದ್ದರಿಂದ ಆ ಪದದ ಅಗತ್ಯ ಬಿದ್ದಿತ್ತು. 1955ರಲ್ಲಿ ಕೊಲರಾಡೊದ ಒಂದು ಕಾಲೇಜಿನ ಪರವಾಗಿ ಆಡುತ್ತಿದ್ದ ವಿದ್ಯಾರ್ಥಿಯೊಬ್ಬ ತಲೆಗೆ ಪೆಟ್ಟು ಬಿದ್ದು ಸತ್ತಾಗ ಅವನ ಹೆಂಡತಿ ಪರಿಹಾರಕ್ಕೆ ಅರ್ಜಿ ಹಾಕಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲವಾದ್ದರಿಂದ ಆಕೆಗೆ ಏನೂ ಸಲ್ಲದೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ತೀರ್ಪಿತ್ತಿತು. ಈ ಪ್ರಕರಣದ ಬಗ್ಗೆ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಏನೂ ಹೇಳದೆ ಮುಂದಿನ ಪುಟಕ್ಕೆ ಹೋಗುತ್ತಾರೆ.

ಮುಂದಿನ ಪುಟದಲ್ಲಿ ಬೇಗಲ್ ಇದೆ. ಬೇಗಲ್ ಎಂದರೆ ನಡುವೆ ತೂತಿರುವ, ಬಳೆಯಾಕಾರದ, ಗಟ್ಟಿಯಾದ ಬ್ರೆಡ್ಡು. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಆಟಗಾರರಿಗೆ ಕಾಲೇಜು ಹಣ್ಣನ್ನೂ ಬಾದಾಮಿ, ಗೋಡಂಬಿಯಂಥ ಬೀಜಗಳನ್ನೂ ಬೇಗಲನ್ನೂ ಕೊಡಬಹುದೆಂದು ಸಂಘದ ನಿಯಮಾವಳಿ ಹೇಳುತ್ತಿತ್ತು. ಆದರೆ ಆ ಬೇಗಲಿನ ಮೇಲೆ ಕ್ರೀಮ್ ಚೀಸನ್ನೋ ಜಾಮನ್ನೋ ಸವರಿದ ಕೂಡಲೇ ಅದು ತಿಂಡಿಯ ಅಂತಸ್ತನ್ನು ಕಳೆದುಕೊಂಡು ಊಟವಾಗುತ್ತಿತ್ತು, ಮತ್ತು ಕೊಟ್ಟವರು ನಿಯಮ ಮೀರಿದಂತಾಗುತ್ತಿತ್ತು. ಅಮೆರಿಕದ ಪತ್ರಕರ್ತರು ಇದನ್ನು ನೋಡಿ ನಕ್ಕಿದ್ದಾರೆ. ಅವರಿಗೆ ಮುಸುರೆಯ ಕಲ್ಪನೆ ಇಲ್ಲದಿರುವುದೇ ನಗೆಗೆ ಕಾರಣ. ಬೇಯಿಸಿದ ಅನ್ನ ತಗುಲಿದ್ದೆಲ್ಲ ಮುಸುರೆ, ಒಣ ಅವಲಕ್ಕಿ ಮುಸುರೆಯಲ್ಲ ಎಂಬ ವಿವೇಕವುಳ್ಳ ಯಾವ ಅಜ್ಜಿಯೂ ಒಣ ಬೇಗಲಿಗೂ ಸವರಿದ ಬೇಗಲಿಗೂ ಇರುವ ಅಂತರವನ್ನು ಕಣ್ಣುಮುಚ್ಚಿ ಹೇಳಬಲ್ಲಳು. ನಿಯಮಗಳ ಕರಡು ಬರೆಯುವವರಿಗೆ ಇಂಥ ಸಲಹೆಗಾರ್ತಿ ದೊರೆಯದೇ ಹೋದದ್ದರಿಂದ ಕೆಲವು ವರ್ಷಗಳ ತರುವಾಯ ಈ ಸೂಕ್ಷ್ಮ ಸಡಿಲಗೊಂಡಿತು. 2014ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯವು ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಆದ ಹೊತ್ತಿನಲ್ಲಿಯೇ ಅದರ ಮುಂಚೂಣಿಯ ಆಟಗಾರ ಶಬಾಜ್ ನೇಪಿಯರ್ ತಾನು ಕೆಲವು ರಾತ್ರಿ ಹಸಿದುಕೊಂಡೇ ಮಲಗುವುದುಂಟು ಎಂದುಬಿಟ್ಟರು. ಪಂದ್ಯಾವಳಿಯ ಟಿವಿ ಪ್ರಸಾರದಿಂದ ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಎಣಿಸುತ್ತಿದ್ದ ಸಂಘಕ್ಕೆ ಇದು ತುಸು ಮುಜುಗರ ತಂದಿತು. ಎರಡು ವಾರ ಕಳೆಯುವಷ್ಟರಲ್ಲಿ ಅನ್ನದ ಮೇಲಿದ್ದ ಮಿತಿ ಹೋಯಿತು.

ಆಚಾರವಿದ್ದಲ್ಲಿ ಪ್ರಾಯಶ್ಚಿತ್ತವೂ ಇರಬೇಕು. ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಹಿತೈಷಿಗಳು ಗುಪ್ತನಿಧಿಯಿಂದ ಆಟಗಾರರಿಗೆ ಹಣ ಹಂಚುತ್ತಿದ್ದುದು ಬಯಲಾಗಿ, 1987ರಲ್ಲಿ ಸಂಘವು ಅದರ ಫುಟ್‌ಬಾಲ್ ತಂಡಕ್ಕೆ ಇಡೀ ಒಂದು ಋತುವಿನ ಆಟವನ್ನೇ ನಿಷೇಧಿಸಿತು. ಇದಕ್ಕೆ ಜನ ಮರಣದಂಡನೆಯೆಂದರು. ನೀತಿಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಗಮನಾರ್ಹವಾದದ್ದು ಶಿಕ್ಷೆಯಲ್ಲ, ಅಪರಾಧದ ಸ್ವರೂಪ. ಅದಕ್ಕೆ ಮೊದಲೊಮ್ಮೆ ಸಿಕ್ಕಿಬಿದ್ದ ಮೇಲೂ ಅವರು ಹಂಚುವುದನ್ನು ನಿಲ್ಲಿಸದಿದ್ದುದಕ್ಕೆ ಕಾರಣ, ಈಗಾಗಲೇ ಕೊಡುತ್ತೇವೆಂದು ಹುಡುಗರಿಗೆ ಮಾತು ಕೊಟ್ಟಾಗಿತ್ತು, ಆಡಿದ ಮಾತಿಗೆ ತಪ್ಪುವುದು ಹೇಗೆ ಎಂಬ ಧರ್ಮಸಂಕಟ. ಹಂಚುವುದನ್ನು ಮುಂದುವರಿಸುವ ತೀರ್ಮಾನಕ್ಕೆ ತಾನು ಒಪ್ಪಿಗೆ ಕೊಟ್ಟಿದ್ದುದಾಗಿ, ಆಗ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮುಖ್ಯಸ್ಥರಾಗಿದ್ದು ತರುವಾಯ ಮತ್ತೆ ಟೆಕ್ಸಸ್ ರಾಜ್ಯಪಾಲರಾದ ಬಿಲ್ ಕ್ಲೆಮೆಂಟ್ಸ್ ಒಪ್ಪಿಕೊಂಡರು. ಸತ್ಯಸಂಧತೆಯು ನಿಯಮಪಾಲನೆಗೆ ಅಡ್ಡಬಂದ ಇಂಥ ಶುದ್ಧ ನಿದರ್ಶನ ಪುರಾಣಗಳಲ್ಲೂ ವಿರಳ.

ತರಬೇತುದಾರರಿಗೆ ಈ ಮೈಲಿಗೆ ತಗುಲದಿರುವುದೇಕೆಂಬುದಕ್ಕೆ ಶಾಸ್ತ್ರದಲ್ಲಿ ಸಮಾಧಾನವಿಲ್ಲ, ರೂಢಿಯಷ್ಟೇ ಇದೆ. ಅಲಬಾಮಾ ವಿಶ್ವವಿದ್ಯಾಲಯದ ನಿಕ್ ಸೇಬನ್ ವರ್ಷಕ್ಕೆ ಒಂದು ಕೋಟಿ ಡಾಲರಿಗೂ ಹೆಚ್ಚು ಪಡೆಯುತ್ತಿದ್ದ ಕಾಲದಲ್ಲಿ, 2022ರ ಮೇ ತಿಂಗಳಲ್ಲಿ, ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು ತನ್ನ ಹೊಸ ಆಟಗಾರರನ್ನೆಲ್ಲ ಹಣ ಕೊಟ್ಟು ಕೊಂಡಿದೆಯೆಂದು ಬಹಿರಂಗವಾಗಿ ವಿಷಾದಿಸಿದರು. ಆ ತಂಡದ ತರಬೇತುದಾರ ಜಿಂಬೋ ಫಿಶರ್ ಕೆಂಡಾಮಂಡಲರಾದರು. ಮರುವರ್ಷದ ನವೆಂಬರಿನಲ್ಲಿ ಫಿಶರ್ ಅವರನ್ನು ಕೆಲಸದಿಂದ ತೆಗೆದಾಗ, ಇನ್ನು ಮುಂದೆ ತರಬೇತಿ ಕೊಡದಿರುವುದಕ್ಕಾಗಿ ಅವರಿಗೆ ಸಲ್ಲಬೇಕಾದ ಮೊತ್ತ ಸುಮಾರು 7.6 ಕೋಟಿ ಡಾಲರ್ ಎಂದು ಲೆಕ್ಕವಾಯಿತು. ಫಲಾಪೇಕ್ಷೆಯಿಲ್ಲದ ಕರ್ಮವನ್ನು ವಿದ್ಯಾರ್ಥಿಗಳಿಗೆ ಬೋಧಿಸುವ ವ್ಯವಸ್ಥೆಯು ಗುರುಗಳಿಗೆ ಕರ್ಮಾಪೇಕ್ಷೆಯಿಲ್ಲದ ಫಲವನ್ನು ಒದಗಿಸಿರುವುದು ಸಮತೋಲದ ದೃಷ್ಟಿಯಿಂದ ಸರಿಯಾಗಿಯೇ ಇದೆ.

ಪರಂಪರೆಗೆ ದೊಡ್ಡ ಪೆಟ್ಟು ಬಿದ್ದದ್ದು 2021ರಲ್ಲಿ. ಕ್ಯಾಲಿಫೋರ್ನಿಯಾ ಎರಡು ವರ್ಷ ಮೊದಲೇ ಆಟಗಾರರ ಗಳಿಕೆಗೆ ಅವಕಾಶ ಕೊಡುವ ಕಾನೂನು ಮಾಡಿ ದಾರಿ ತೋರಿಸಿತ್ತು. ಜೂನ್ 21ರಂದು, ಆಟಗಾರರು ಹೂಡಿದ್ದ ಆಲ್‌ಸ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಸಂಘದ ವಿರುದ್ಧ ತೀರ್ಪು ಕೊಟ್ಟರು, ಮತ್ತು ಜುಲೈ 1ರಿಂದ ಆಟಗಾರರು ತಮ್ಮ ‘ಹೆಸರು, ಚಿತ್ರ ಮತ್ತು ಹೋಲಿಕೆ’ಯನ್ನು ಜಾಹೀರಾತಿಗೆ ಮಾರಿಕೊಳ್ಳಬಹುದೆಂದು ಸಂಘ ಬಾಗಿಲು ತೆರೆಯಿತು. ಈ ಮೂರರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಎನ್‌ಐಎಲ್ ಎನ್ನುತ್ತಾರೆ. ಆದರೆ ಎರಡು ವಿಷಯ ಇನ್ನೂ ನಿಷಿದ್ಧವಾಗಿಯೇ ಉಳಿದವು: ಆಡಿದ್ದಕ್ಕಾಗಿ ಹಣ ಕೊಡುವಂತಿಲ್ಲ, ನಮ್ಮ ಕಾಲೇಜಿಗೆ ಸೇರು ಎಂದು ಆಮಿಷವಾಗಿ ಹಣ ಕೊಡುವಂತಿಲ್ಲ. ಈ ಪ್ರಬಂಧದ ಸಿದ್ಧಾಂತವು ಇಲ್ಲಿಯೇ ಹೊರಡುತ್ತದೆ. ಅಮೆಚ್ಯೂರ್ ಧರ್ಮದಲ್ಲಿ ಹಣದ ಶುದ್ಧಿಯನ್ನು ನಿರ್ಣಯಿಸುವುದು ಮೊತ್ತವಲ್ಲ, ಮೂಲವೂ ಅಲ್ಲ, ಕೊಡುವ ಕಾರಣ. ಹುಡುಗ ಚೆನ್ನಾಗಿ ಆಡುತ್ತಾನೆ ಎಂಬ ಒಂದು ಕಾರಣ ಬಿಟ್ಟು ಜಗತ್ತಿನ ಬೇರಾವ ಕಾರಣಕ್ಕೆ ಕೊಟ್ಟರೂ ಅದು ಮಡಿ.

ಈ ಸಿದ್ಧಾಂತಕ್ಕೆ ಅಕ್ಷರಶಃ ನಿಷ್ಠರಾದವರೂ ಇದ್ದಾರೆ. ನೆಬ್ರಾಸ್ಕಾದ ಆಟಗಾರನೊಬ್ಬನ ಹೆಸರು ಡಿಕೋಲ್ಡೆಸ್ಟ್ ಕ್ರಾಫರ್ಡ್, ಅಂದರೆ ಹೆಚ್ಚುಕಡಿಮೆ ‘ಪರಮಶೀತಲ’ನೆಂದೇ ಅರ್ಥ, 2022ರ ಬೇಸಿಗೆಯಲ್ಲಿ ಒಮಾಹಾ ನಗರದ ಏರ್ ಕಂಡೀಷನರ್ ರಿಪೇರಿ ಕಂಪನಿಯೊಂದು ಅವನನ್ನು ರಾಯಭಾರಿಯಾಗಿ ಮಾಡಿಕೊಂಡಿತು. ಟೆಕ್ಸಸ್ ವಿಶ್ವವಿದ್ಯಾಲಯದ ಬಿಜಾನ್ ರಾಬಿನ್ಸನ್ ತನ್ನ ಹೆಸರು ಡಿಜಾನ್ ಎಂಬ ಸಾಸಿವೆಯ ಹೆಸರಿಗೆ ಪ್ರಾಸವಾಗುವುದನ್ನು ಗಮನಿಸಿ ಸಾಸಿವೆಯ ಸೀಸೆಯನ್ನೇ ಮಾರುಕಟ್ಟೆಗೆ ಬಿಟ್ಟ. ಇಲ್ಲಿ ಮಾರಾಟವಾದದ್ದು ನಿಜಕ್ಕೂ ಹೆಸರು. (ಮಗುವಿಗೆ ಹೆಸರಿಡುವ ತಂದೆತಾಯಿಗಳು ಇನ್ನು ಮುಂದೆ ನಕ್ಷತ್ರ, ಪಾದಗಳೊಂದಿಗೆ ಗೃಹೋಪಯೋಗಿ ವಸ್ತುಗಳ ಪಟ್ಟಿಯನ್ನೂ ನೋಡುವುದು ಒಳಿತು.) ಇಂಥ ಶುದ್ಧಾತ್ಮರು ಕಡಿಮೆ. ಉಳಿದವರ ವ್ಯವಹಾರ ನಡೆಯುವುದು ‘ಕಲೆಕ್ಟಿವ್’ ಎಂಬ ಸಂಸ್ಥೆಗಳ ಮೂಲಕ: ಕಾಲೇಜಿನ ಹಳೆಯ ವಿದ್ಯಾರ್ಥಿಗಳೂ ಅಭಿಮಾನಿ ಶ್ರೀಮಂತರೂ ಕೂಡಿ ಹಣ ಹಾಕುತ್ತಾರೆ, ಆಟಗಾರ ಒಂದು ಸೆಲ್ಫಿ ಹಾಕುತ್ತಾನೆ, ಇಲ್ಲವೆ ಒಂದಷ್ಟು ಚೆಂಡುಗಳ ಮೇಲೆ ಸಹಿ ಹಾಕುತ್ತಾನೆ, ಲೆಕ್ಕ ಸರಿಹೋಗುತ್ತದೆ. 2023ರ ಅಕ್ಟೋಬರಿನಲ್ಲಿ ಯೂಟಾ ವಿಶ್ವವಿದ್ಯಾಲಯದ ಕಲೆಕ್ಟಿವ್ ಫುಟ್‌ಬಾಲ್ ತಂಡದಲ್ಲಿ ವಿದ್ಯಾರ್ಥಿವೇತನವಿದ್ದ ಎಂಬತ್ತೈದೂ ಮಂದಿಗೆ ತಲಾ ಒಂದು ರಾಮ್ ಟ್ರಕ್ಕನ್ನು ಬಳಕೆಗೆ ಕೊಟ್ಟಿತು. ಎಂಬತ್ತೈದು ಹೆಸರುಗಳೂ, ಎಂಬತ್ತೈದು ಹೋಲಿಕೆಗಳೂ ಒಂದೇ ಮಾದರಿಯ ಟ್ರಕ್ಕಿಗೆ ಸರಿಸಮಾನವಾಗಿ ತೂಗಿದ್ದು ಕಾಕತಾಳೀಯವೆಂದೇ ಹೇಳಬೇಕು.

ನೇಮಕಾತಿಯ ವಿಚಾರದಲ್ಲಿ ಮುಹೂರ್ತವೇ ಮುಖ್ಯವಾಗಿತ್ತು. ಶಾಲೆಯ ಹುಡುಗನು ಕಾಲೇಜಿಗೆ ಸೇರುವ ಪತ್ರಕ್ಕೆ ಸಹಿ ಹಾಕುವ ಮುನ್ನ ಕಲೆಕ್ಟಿವ್ ಅವನೊಡನೆ ಮೊತ್ತದ ಮಾತಾಡಿದರೆ ಮೈಲಿಗೆಯಾಗುತ್ತಿತ್ತು. ಸಹಿಯ ಶಾಯಿ ಒಣಗಿದ ಮೇಲೆ ಅದೇ ಮಾತು ಮಡಿಯಾಗುತ್ತಿತ್ತು. ಹೀಗಾಗಿ ಹುಡುಗನು ಏನೂ ತಿಳಿಯದವನಂತೆ ಕಾಲೇಜನ್ನು ಆರಿಸಬೇಕಿತ್ತು, ಮತ್ತು ಆರಿಸಿದ ಕೂಡಲೇ ಹಣದ ಸುದ್ದಿ ಕೇಳಿ ಬೆರಗಾಗಬೇಕಿತ್ತು. ಬೆರಗಾಗುವ ಈ ಕಲೆ ಎಲ್ಲರಿಗೂ ಒಲಿಯದೆ ಟೆನ್ನೆಸೀ ಮತ್ತು ವರ್ಜೀನಿಯಾ ರಾಜ್ಯಗಳು ಮೊಕದ್ದಮೆ ಹೂಡಿದವು, 2024ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಆ ನಿಯಮದ ಜಾರಿಗೆ ತಡೆ ಕೊಟ್ಟರು. ಎರಡು ತಿಂಗಳಿಗೆ, 2005ರಲ್ಲಿ ಗೆದ್ದು 2010ರಲ್ಲಿ ಹಣ ಸೋಕಿದ ದೋಷಕ್ಕಾಗಿ ಹಿಂದಿರುಗಿಸಿದ್ದ, ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ, ಹಳೆಯ ಆಟಗಾರ ರೆಗ್ಗಿ ಬುಷ್ ಅವರ ಮನೆಗೆ ಮರಳಿತು. ಪ್ರಶಸ್ತಿಯ ವಿಗ್ರಹ ಹದಿನಾಲ್ಕು ವರ್ಷ ಮೈಲಿಗೆಯಾಗಿದ್ದು ಯಾವ ಶಾಂತಿಹೋಮವೂ ಇಲ್ಲದೆ ಶುದ್ಧವಾದದ್ದು ಹೇಗೆಂಬುದನ್ನು ಬಲ್ಲವರೇ ಹೇಳಬೇಕು.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅನುಮೋದಿಸಿದ, ‘ಹೌಸ್’ ಎಂಬ ಮೊಕದ್ದಮೆಯ ರಾಜಿ ಒಪ್ಪಂದದಿಂದ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಸಲ್ಲಬೇಕಾಯಿತು, ಮತ್ತು ಕಾಲೇಜುಗಳೇ ಮೊದಲ ವರ್ಷ ತಲಾ ಸುಮಾರು 2.05 ಕೋಟಿ ಡಾಲರಿನವರೆಗೆ ನೇರವಾಗಿ ಹಂಚಬಹುದೆಂದಾಯಿತು. ಇಷ್ಟಾದರೂ ಆಟಗಾರ ನೌಕರನಲ್ಲವೆಂಬ ನಿಲುವಿನಿಂದ ಕಾಲೇಜುಗಳು ಕದಲಿಲ್ಲ. ಹೊರಗಿನಿಂದ ಬರುವ, 600 ಡಾಲರ್ ಅಥವಾ ಅದಕ್ಕೆ ಮೇಲ್ಪಟ್ಟ ಒಪ್ಪಂದಗಳನ್ನು ಡೆಲಾಯ್ಟ್ ಎಂಬ ಲೆಕ್ಕಪತ್ರ ಸಂಸ್ಥೆ ರೂಪಿಸಿದ ವ್ಯವಸ್ಥೆಯ ಮುಂದಿಟ್ಟು, ಅದರ ಹಿಂದೆ ನಿಜವಾದ ವ್ಯಾಪಾರೋದ್ದೇಶವಿದೆಯೆಂದು ಒಪ್ಪಿಸಬೇಕು. ಅಂದರೆ, ಹಣದಾಸೆಯಿಲ್ಲದ ಆಟವನ್ನು ಕಾಪಾಡಲು ನೂರು ವರ್ಷ ಹೆಣಗಿದ ಆಚಾರವು ಈಗ ಕೊಡುವವನಿಗೆ ಹಣದಾಸೆ ಸಾಕಷ್ಟಿದೆಯೇ ಎಂದು ಪರೀಕ್ಷಿಸುತ್ತಿದೆ; ಬರೀ ಪ್ರೀತಿಯಿಂದ ಕೊಟ್ಟ ಹಣವೇ ಇಂದಿನ ಮೈಲಿಗೆ. ಕಲೆಕ್ಟಿವ್‌ಗಳ ಹಣ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲವೆಂದು ಜುಲೈ ಆರಂಭದಲ್ಲಿ ಹೊರಬಿದ್ದ ವಿಧಿಯು ವಕೀಲರು ಕಣ್ಣು ಕೆಂಪಗೆ ಮಾಡಿದ ಮೇಲೆ ಅದೇ ತಿಂಗಳ ಕೊನೆಗೆ ತಿದ್ದುಪಡಿಯಾಯಿತು.

ಹಾಗಾದರೆ ಹಳೆಯ ಮಡಿ ಎಲ್ಲಾದರೂ ಉಳಿದಿದೆಯೇ? ಉಳಿದಿದೆ, ವಲಸೆ ಕಾನೂನಿನಲ್ಲಿ. ಬೆಂಗಳೂರು, ಮೈಸೂರಿನಿಂದ ಎಂ.ಎಸ್. ಓದಲು ಹೋಗುವ ಮಕ್ಕಳ ಮನೆಯವರಿಗೆಲ್ಲ ಪರಿಚಿತವಾದ ಎಫ್–1 ವೀಸಾದವರು, ಪಾಠ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದೇ ಹೊರತು ಹೊರಗೆ ಮನಬಂದಂತೆ ಗಳಿಸುವಂತಿಲ್ಲ. ಗ್ರಂಥಾಲಯದ ಕೌಂಟರಿನಲ್ಲಿ ಕೂತ ದಾವಣಗೆರೆಯ ಹುಡುಗನಿಗೂ ಏಳು ಅಡಿ ಮೀರಿದ ಕೆನಡಾದ ಬ್ಯಾಸ್ಕೆಟ್‌ಬಾಲ್ ಆಟಗಾರನಿಗೂ ಈ ಒಂದು ವಿಷಯದಲ್ಲಿ ಭೇದವಿಲ್ಲ. ಕಾಂಗೊ ದೇಶದಿಂದ ಬಂದು ಕೆಂಟಕಿ ವಿಶ್ವವಿದ್ಯಾಲಯದ ಪರ ಆಡುತ್ತಿದ್ದ, 2022ರ ರಾಷ್ಟ್ರೀಯ ಶ್ರೇಷ್ಠ ಆಟಗಾರ ಆಸ್ಕರ್ ಚೀಬ್ವೆಗೂ ಇದೇ ಇಕ್ಕಟ್ಟು ಎದುರಾಯಿತು. ಅದೇ ಆಗಸ್ಟಿನಲ್ಲಿ ತಂಡವು ಪಂದ್ಯಗಳಿಗಾಗಿ ಬಹಾಮಾಸ್ ದ್ವೀಪಕ್ಕೆ ಹೋದಾಗ ಚೀಬ್ವೆ ತನ್ನ ಜಾಹೀರಾತಿನ ಕೆಲಸಗಳನ್ನು ಅಲ್ಲಿಯೇ ಮುಗಿಸಿಕೊಂಡು ಬಂದ. ಅಮೆರಿಕದ ನೆಲದ ಮೇಲೆ ದುಡಿಯಲಿಲ್ಲವಾದ್ದರಿಂದ ವೀಸಾಕ್ಕೆ ಭಂಗವಿಲ್ಲ. ಭಾರತದ ಹಳೆಯ ಶಾಸ್ತ್ರಕಾರರು ಸಮುದ್ರ ದಾಟಿ ಬಂದವನಿಗೆ ಪಂಚಗವ್ಯ ಕುಡಿಸುತ್ತಿದ್ದರು. ಇಲ್ಲಿ ಸಮುದ್ರ ದಾಟಿದ್ದರಿಂದಲೇ ಶುದ್ಧಿ. ದ್ವೀಪದಲ್ಲಿ ತೆಗೆದ ಚಿತ್ರವನ್ನು ಕೆಂಟಕಿಯಲ್ಲಿ ಕೂತವರು ಫೋನಿನಲ್ಲಿ ನೋಡಿದರೆ ಮೈಲಿಗೆ ತಂತಿಯಿಲ್ಲದೆ ಹರಿಯುತ್ತದೆಯೇ ಎಂಬ ಬಗ್ಗೆ ವಕೀಲರಲ್ಲಿ ಇನ್ನೂ ಒಮ್ಮತವಿಲ್ಲ, ಮತ್ತು ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವ ಅವರಿಗೆ ಆ ಅವಸರವೂ ಇಲ್ಲ.