ಯಾರ ಕಣ್ಣು, ಯಾವ ಕಣ್ಣು?

ಹಿಂದೆ ಫೋಟೋ ತೆಗೆಯುವವನು ಹೇಳುತ್ತಿದ್ದ, ತೆಗೆಸಿಕೊಳ್ಳುವವರು ಕೇಳುತ್ತಿದ್ದರು. ನಮ್ಮೂರಿನ ಸ್ಟುಡಿಯೋದವನು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಹಿಡಿದು ಒಂದು ಕಡೆಗೆ ತಿರುಗಿಸಿ, ‘ಸ್ವಲ್ಪ ನಗಿ... ಅಷ್ಟೊಂದು ಬೇಡ... ಕಣ್ಣು ಮಿಟುಕಿಸಬೇಡಿ’ ಎಂದು ಅಪ್ಪಣೆ ಕೊಡುತ್ತಿದ್ದ. ಊರಿಗೆಲ್ಲ ಅಪ್ಪಣೆ ಕೊಡುವ ಅಮಲ್ದಾರರೂ ಆ ಗಳಿಗೆಯಲ್ಲಿ ಅವನ ಮಾತು ಮೀರುವಂತಿರಲಿಲ್ಲ. ಮಿರರ್‌ಲೆಸ್ ಕ್ಯಾಮೆರಾ ಬಂದ ಮೇಲೆ ವ್ಯವಹಾರ ತಿರುಗುಮುರುಗಾಗಿದೆ. ಈಗ ಪ್ರಶ್ನೆ ಕೇಳುವುದು ಕ್ಯಾಮೆರಾ, ಉತ್ತರಕ್ಕೆ ತಡಕಾಡುವುದು ಅದನ್ನು ಹಿಡಿದವನು. ಎದುರಿಗಿರುವುದು ಮನುಷ್ಯನೋ, ಪ್ರಾಣಿಯೋ, ಹಕ್ಕಿಯೋ? ಮನುಷ್ಯನಾದರೆ ಮುಖ ಸಾಕೋ, ಕಣ್ಣೇ ಬೇಕೋ? ಕಣ್ಣಾದರೆ ಎಡವೋ, ಬಲವೋ? ನಿನಗೇನು ಬೇಕು ಎಂದು ನನ್ನನ್ನು ಇಷ್ಟು ಆಸ್ಥೆಯಿಂದ ಈವರೆಗೆ ಯಾರೂ ಕೇಳಿರಲಿಲ್ಲ. ಆದ್ದರಿಂದ ಹೇಳಿಯೂ ಅಭ್ಯಾಸವಿರಲಿಲ್ಲ.

ಕ್ಯಾಮೆರಾ ಮನೆಗೆ ಬಂದ ಸಂಜೆ ಮಾವನವರು ಬಿಲ್ಲನ್ನು ಎರಡು ಸಲ ಓದಿ, ಇದರ ವಿಶೇಷವೇನು ಎಂದರು. ವಿವರಿಸಿದೆ. ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ 45 ಡಿಗ್ರಿ ಓರೆಗೆ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದ ಕೂಡಲೇ ಕನ್ನಡಿ ಟಪ್ಪನೆ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. ಅಷ್ಟು ಹೊತ್ತು ನೋಡುವವನಿಗೆ ಕತ್ತಲೆ. ಅಂದರೆ ಎಸ್‌ಎಲ್‌ಆರ್ ಹಿಡಿದ ಮಹನೀಯರು ಜೀವಮಾನವಿಡೀ ಎಲ್ಲವನ್ನೂ ನೋಡಿದರು, ಫೋಟೋ ಆದ ಆ ಒಂದು ಕ್ಷಣವನ್ನು ಬಿಟ್ಟು. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯನ್ನೇ ಕಿತ್ತುಹಾಕಿದ್ದಾರೆ. ಸೆನ್ಸರಿಗೆ ಕಂಡದ್ದು ನೇರವಾಗಿ ಒಂದು ಪುಟ್ಟ ಪರದೆಯ ಮೇಲೆ ಮೂಡುತ್ತದೆ. ಫೋಟೋ ಹೇಗೆ ಬರುತ್ತದೆ ಎಂಬುದು ತೆಗೆಯುವ ಮೊದಲೇ ಕಾಣುತ್ತದೆ.

‘ಅಂದ್ರೆ ಒಂದು ಸಾಮಾನು ಕಮ್ಮಿ?’

‘ಹೌದು ಮಾವ.’

‘ಬೆಲೆ ಮಾತ್ರ ಜಾಸ್ತಿ?’

ಅವರು ಲೆಕ್ಕ ತಪಾಸಣೆಯಲ್ಲಿ ಕೂದಲು ನರೆಸಿಕೊಂಡವರು. ಮಾತು ತೇಲಿಸೋಣವೆಂದು ಸ್ವಲ್ಪ ಚರಿತ್ರೆ ಹೇಳಿದೆ. 2008ರಲ್ಲಿ ಪ್ಯಾನಾಸೋನಿಕ್ ಜಿ1 ಬಂದು ಈ ದಾರಿ ತೆರೆಯಿತು, 2013ರಲ್ಲಿ ಸೋನಿ ಫುಲ್‌ಫ್ರೇಮ್ ಸೆನ್ಸರನ್ನು ಇಂಥ ಕ್ಯಾಮೆರಾದೊಳಗೆ ಕೂರಿಸಿತು, 2018ರಲ್ಲಿ ನಿಕಾನ್ ಮತ್ತು ಕೆನಾನ್ ಕೂಡ ಅದೇ ಹಾದಿ ಹಿಡಿದವು. ಹಾಗೆ ನೋಡಿದರೆ 1925ರ ಲೈಕಾದಲ್ಲೂ ಇಂಥ ಕನ್ನಡಿ ಇರಲಿಲ್ಲ ಎಂದು ಕೊನೆಗೆ ಸೇರಿಸಿದ್ದು ಹೆಚ್ಚಾಯಿತು. ‘ಹಾಗಾದ್ರೆ ನೂರು ವರ್ಷದ ಹಳೇ ಮಾಲು’ ಎಂದು ಮಾವ ಬಿಲ್ಲನ್ನು ಮಡಿಸಿಟ್ಟರು.

ಮೆನು ತೆರೆದವರಿಗೆ ಗೊತ್ತು, ಅದು ತಾಲ್ಲೂಕು ಕಚೇರಿ ಇದ್ದ ಹಾಗೆ. ಒಂದು ಮೇಜಿಗೆ ಹೋದರೆ ಇನ್ನೊಂದು ಮೇಜಿಗೆ ಕಳಿಸುತ್ತದೆ. ಬೇಕಾದ ಸಾಲು ಸಿಕ್ಕಿತು ಅನ್ನುವಷ್ಟರಲ್ಲಿ ಅದು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಒತ್ತಿದರೆ ‘ಈ ಸೌಲಭ್ಯ ಸದ್ಯಕ್ಕೆ ಲಭ್ಯವಿಲ್ಲ’. ಯಾಕೆ? ಇನ್ನೊಂದು ಪುಟದಲ್ಲಿ ಇನ್ನಾವುದೋ ಸೌಲಭ್ಯ ಚಾಲೂ ಇದೆ. ಸೆನ್ಸರಿಗೆ ಕಂಡದ್ದನ್ನು ಹಾಗೆಹಾಗೇ ಉಳಿಸುವ ರಾ ಫೈಲ್ ಬೇಕೆಂದರೆ ಡಿಜಿಟಲ್ ಜೂಮ್ ಬಿಡಬೇಕು. ಸದ್ದಿಲ್ಲದ ಶಟರ್ ಬೇಕೆಂದರೆ ದೀಪದ ಮಿಟುಕನ್ನು ಸಂಭಾಳಿಸುವ ಆಂಟಿ-ಫ್ಲಿಕರ್ ಬಿಡಬೇಕು. ಎಲ್ಲ ಸೌಲಭ್ಯಗಳನ್ನೂ ಪೂರ್ತಿ ಬಳಸುತ್ತೇನೆಂದು ಹೊರಟವನು ಮೊದಲು ಕಲಿಯುವ ಪಾಠವೆಂದರೆ ಎಲ್ಲವನ್ನೂ ಒಟ್ಟಿಗೆ ಬಳಸುವಂತಿಲ್ಲ ಎಂಬುದು. ಯಾವುದು ಬೇಕು ಅಂತ ಮೊದಲು ಹೇಳು, ಆಮೇಲೆ ನೋಡೋಣ ಎನ್ನುತ್ತದೆ ಕ್ಯಾಮೆರಾ.

ನಾದಿನಿಯ ಮಗುವಿನ ನಾಮಕರಣದಲ್ಲಿ ಈ ಪ್ರಶ್ನೋತ್ತರ ಸಾರ್ವಜನಿಕವಾಗಿ ನಡೆಯಿತು. ಸೋದರತ್ತೆ ತೊಟ್ಟಿಲ ಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವ ಗಳಿಗೆ. ಮಗು ನಿದ್ದೆಯಲ್ಲಿತ್ತು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇರುವುದೇ ಇಂಥದ್ದಕ್ಕೆ. ಮಗು ಏಳಲಿಲ್ಲ, ಪುರೋಹಿತರು ತಿರುಗಿ ನೋಡಲಿಲ್ಲ, ಫೋಟೋ ಬಂತು. ತೊಂದರೆ ಶುರುವಾದದ್ದು ಆಮೇಲೆ, ಅತ್ತೆಯವರ ಅಕ್ಕ ಸಪರಿವಾರ ಸಾಲಾಗಿ ನಿಂತಾಗ.

‘ತೆಗೀರಿ ಮತ್ತೆ’ ಎಂದರು ದೊಡ್ಡತ್ತೆ, ನಗು ಸಡಿಲಿಸದೆ.

‘ಆಗ್ಲೇ ತೆಗೆದೆ.’

‘ಎಲ್ಲಿ? ಶಬ್ದಾನೇ ಬರ್ಲಿಲ್ಲ.’

ಪರದೆ ತಿರುಗಿಸಿ ತೋರಿಸಿದೆ. ಅದರಲ್ಲಿ ಅವರಿದ್ದರು, ನಗುತ್ತಲೂ ಇದ್ದರು, ನಂಬಿಕೆ ಬರಲಿಲ್ಲ. ಶಬ್ದವಿಲ್ಲದೆ ಆದ ಫೋಟೋ ಅವರ ಲೆಕ್ಕದಲ್ಲಿ ಆದ ಹಾಗಲ್ಲ. ಮೆನು ತಡಕಿದರೆ ಅದಕ್ಕೂ ಒಂದು ಸಾಲಿತ್ತು, ಶಟರ್ ಸದ್ದನ್ನು ಸ್ಪೀಕರಿನಿಂದ ಹೊರಡಿಸುವುದು! ಒಳಗೆ ಕನ್ನಡಿಯಿಲ್ಲ, ಏನೂ ಅಲುಗಾಡುವುದಿಲ್ಲ, ಆದರೂ ‘ಕ್ಲಿಕ್’. ಎಷ್ಟು ಜೋರಾಗಿರಬೇಕೆಂದೂ ಕೇಳುತ್ತದೆ. ಜೋರಾಗಿಯೇ ಇಟ್ಟೆ. ‘ಹಾಂ, ಈಗ ಆಯ್ತು’ ಎಂದು ದೊಡ್ಡತ್ತೆ ಸೆರಗು ಸರಿಮಾಡಿಕೊಂಡು ಊಟಕ್ಕೆ ನಡೆದರು. ಇದನ್ನು ಯೋಚಿಸಿದ ಜಪಾನಿನ ಇಂಜಿನಿಯರನ ಮನೆಯಲ್ಲೂ ಒಬ್ಬರು ದೊಡ್ಡತ್ತೆ ಇದ್ದಿರಬೇಕು.

ತೊಟ್ಟಿಲಿಗೆ ಎಲ್‌ಇಡಿ ಸೀರಿಯಲ್ ಸೆಟ್ಟು ಸುತ್ತಿದ್ದರು. ಪರದೆಯಲ್ಲಿ ತೊಟ್ಟಿಲಿಗೂ ಮಗುವಿಗೂ ಅಡ್ಡಡ್ಡ ಕಪ್ಪು ಪಟ್ಟೆ ಬರತೊಡಗಿತು. ಬಾಮೈದ ಇಣುಕಿ, ‘ಭಾವ, ವಿಭೂತಿ ಎಫೆಕ್ಟಾ?’ ಎಂದ. ಎಫೆಕ್ಟೂ ಅಲ್ಲ, ವಿಭೂತಿಯೂ ಅಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ಅಗ್ಗದ ದೀಪಗಳು ಅದರ ತಾಳಕ್ಕೆ 100 ಸಲ ಮಿಟುಕುತ್ತವೆ. ನಮ್ಮ ಕಣ್ಣು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಓದುವುದರಿಂದ ದೀಪ ಮಂಕಾದಾಗ ಓದಿದ ಗೆರೆಗಳೆಲ್ಲ ಕಪ್ಪಾಗುತ್ತವೆ. ಶಟರ್ ವೇಗವನ್ನು ಸೆಕೆಂಡಿನ 100ನೇ ಒಂದು ಭಾಗಕ್ಕೋ 50ನೇ ಒಂದು ಭಾಗಕ್ಕೋ ಇಳಿಸಿ, ಮೆಕ್ಯಾನಿಕಲ್ ಶಟರಿಗೆ ಮರಳಿದರೆ ಪಟ್ಟೆ ಹೋಗುತ್ತದೆ. ಮೆಕ್ಯಾನಿಕಲ್ ಶಟರ್ ಎಂದರೆ ಸದ್ದು, ಸದ್ದೆಂದರೆ ಮಗು. ಮಗುವಿನ ನಿದ್ದೆಯೋ, ದೀಪದ ಅಲಂಕಾರವೋ? ನಾನು ನಿದ್ದೆಯ ಪಕ್ಷ ವಹಿಸಿ ಸೀರಿಯಲ್ ಸೆಟ್ಟಿನ ಸ್ವಿಚ್ಚು ಆರಿಸಿದೆ. ಅದನ್ನು ಬೆಳಗ್ಗೆಯಿಂದ ಕೂತು ಸುತ್ತಿದ್ದ ಬಾಮೈದ ಆಮೇಲೆ ಊಟದ ತನಕ ಮಾತಾಡಲಿಲ್ಲ.

ಮಾತಾಡಿದ್ದು ಊಟದ ಪಂಕ್ತಿಯಲ್ಲಿ. ನನ್ನ ಕ್ಯಾಮೆರಾದ ಜೀಬ್ರಾ ಎಂಬ ಸೌಲಭ್ಯ ಮಿತಿಮೀರಿ ಬಿಳುಪಾಗುವ ಜಾಗದ ಮೇಲೆಲ್ಲ ಓಡಾಡುವ ಗೆರೆಗಳನ್ನು ಹಾಕಿ ಎಚ್ಚರಿಸುತ್ತದೆ. ಗೆರೆ ಇರುವುದು ಪರದೆಯ ಮೇಲೆ ಮಾತ್ರ, ಫೋಟೋದಲ್ಲಿ ಬರುವುದಿಲ್ಲ. ಕಿಟಕಿಯ ಬಿಸಿಲಿಗೆ ಕೂತ ಮಾವನವರ ಹೊಸ ಪಂಚೆಯ ತುಂಬ ಗೆರೆ ಹರಿಯುತ್ತಿತ್ತು. ಹಿಂದಿನಿಂದ ಇಣುಕಿದ ಬಾಮೈದ ‘ಅಪ್ಪಾ, ಪಂಚೆ ಮೇಲೆ ಇರುವೆ ಸಾಲು!’ ಎಂದು ಕೂಗಿದ್ದೇ ತಡ, ಮಾವ ಎಲೆ ಮುಂದೆ ಎದ್ದು ನಿಂತು ಪಂಚೆ ಕೊಡವಿದರು, ಅಕ್ಕಪಕ್ಕದವರೂ ಎದ್ದರು. ನಾನು ಎಕ್ಸ್‌ಪೋಷರ್ ಕಾಂಪೆನ್ಸೇಷನ್ ತಿರುಗಣೆಯನ್ನು ಎರಡು ಹಲ್ಲು ಹಿಂದಕ್ಕೆ ತಿರುಗಿಸಿದೆ. ಇರುವೆಗಳು ಹೋದವು. ಕತ್ತಲಾದ ಭಾಗವನ್ನು ರಾ ಫೈಲಿನಲ್ಲಿ ಮೇಲೆತ್ತಬಹುದು, ಪೂರ್ತಿ ಬಿಳುಪಾಗಿ ಹೋದ ಪಂಚೆಯನ್ನು ಯಾವ ಸಾಫ್ಟ್‌ವೇರೂ ವಾಪಸು ತರಲಾರದು. ಬಿಳಿ ಪಂಚೆ, ಮಲ್ಲಿಗೆ ದಂಡೆ, ಮೈಸೂರು ಸಿಲ್ಕಿನ ಜರಿ, ಬಾಳೆಲೆಯ ಮೇಲಿನ ಅನ್ನ, ಇವೆಲ್ಲ ಒಂದೇ ಕಡೆ ಸೇರುವ ನಮ್ಮ ಸಮಾರಂಭಗಳಿಗೆ ಜೀಬ್ರಾದಷ್ಟು ಉಪಕಾರಿ ಬೇರೊಂದಿಲ್ಲ.

ಉಪಕಾರವೆಲ್ಲ ಒಂದೇ ಥರದ್ದಲ್ಲ. ಸೆನ್ಸರನ್ನೇ ಅಲುಗಿಸಿ ಕೈನಡುಕವನ್ನು ಸರಿತೂಗಿಸುವ ಸ್ಟೆಬಿಲೈಸೇಷನ್ ಇದೆ. ನನ್ನ ಕೈ ನಡುಗಿದರೆ ಅದು ಕಾಯುತ್ತದೆ. ಹೋಳಿಗೆ ಹಿಡಿದು ಓಡುವ ಹುಡುಗರನ್ನು ಅದೇನು ಮಾಡೀತು? ಅದಕ್ಕೆ, ಬೆಳಕು ಸಾಲದಾಗ ಸೆನ್ಸರಿನ ಸಂವೇದನೆಯನ್ನು ತಾನೇ ಏರಿಸುವ ಆಟೋ ಐಎಸ್‌ಒ ಪುಟದಲ್ಲಿ ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ಕೆಳಗಿಳಿಯಬಾರದು ಎಂದು ಕಟ್ಟಪ್ಪಣೆ ಮಾಡಬೇಕು. ಫೋಟೋದಲ್ಲಿ ಸ್ವಲ್ಪ ಕಾಳುಕಾಳು ಬಂದರೂ ಮಕ್ಕಳಿಗೆ ಎರಡೆರಡು ಮೂಗು ಬರುವುದಿಲ್ಲ.

ಎಲ್ಲಕ್ಕಿಂತ ಹೆಸರಾದದ್ದು ಕಣ್ಣು ಹುಡುಕುವ ಫೋಕಸ್. ಚೌಕಟ್ಟಿನೊಳಗೆ ಎಲ್ಲಿ ಕಣ್ಣು ಕಂಡರೂ ಅದರ ಮೇಲೆ ಪುಟ್ಟ ಚೌಕ ಹೋಗಿ ಕೂರುತ್ತದೆ. ಆರತಿ ಹೊತ್ತಿಗೆ ಮನೆಮಂದಿಯೆಲ್ಲ ಎದುರಿಗಿದ್ದರು. ಒಬ್ಬರು ತಟ್ಟೆ ನೋಡುತ್ತಿದ್ದರು, ಒಬ್ಬರು ಮಗುವನ್ನು, ಒಬ್ಬರು ಮೊಬೈಲನ್ನು. ನನ್ನ ಕ್ಯಾಮೆರಾ ಅವರನ್ನೆಲ್ಲ ಬಿಟ್ಟು, ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡಿದ್ದ ತಾತನ ಫೋಟೋದ ಎಡಗಣ್ಣನ್ನು ಹಿಡಿಯಿತು. ಅದರ ತಪ್ಪಲ್ಲ. ಇಡೀ ಹಾಲಿನಲ್ಲಿ ಕ್ಯಾಮೆರಾವನ್ನು ನೆಟ್ಟಗೆ ನೋಡುತ್ತಿದ್ದವರು ಅವರೊಬ್ಬರೇ. ಸ್ಟುಡಿಯೋದವನು ಮಿಟುಕಿಸಬೇಡಿ ಎಂದದ್ದನ್ನು ಇಂದಿಗೂ ಪಾಲಿಸುತ್ತಿದ್ದಾರೆ. ತಾತನ ಸಮಸ್ಯೆಗೆ ಮೆನುವಿನ ಒಳಪುಟವೊಂದರಲ್ಲಿ ಪರಿಹಾರವಿದೆ. ಅದು ತಂದ ಫಜೀತಿಯನ್ನು ಕೊನೆಗೆ ಹೇಳುತ್ತೇನೆ.

ಕೈಪಿಡಿಯಲ್ಲಿ ಬರೆಯದ ಉಪಯೋಗವೂ ಇರುವ ಸೌಲಭ್ಯ ಒಂದಿದೆ. ಫೋಕಸ್ ಮಾಡುವ ಕೆಲಸವನ್ನು ಶಟರ್ ಗುಂಡಿಯಿಂದ ಬಿಡಿಸಿ ಬೆನ್ನಿನ ಗುಂಡಿಗೆ ಕೊಡಬಹುದು. ಹೆಬ್ಬೆರಳು ಫೋಕಸ್ ಮಾಡುತ್ತದೆ, ತೋರುಬೆರಳು ಫೋಟೋ ತೆಗೆಯುತ್ತದೆ. ತಿಳಿದವರು ಇದನ್ನು ಹೊಗಳುವುದು ಓಡುವ, ಹಾರುವ ವಸ್ತುಗಳ ಕಾರಣಕ್ಕೆ. ನಾನು ಹೊಗಳುವುದು ಷಡ್ಡಕನ ಕಾರಣಕ್ಕೆ. ಯಾರ ಕೈಯಲ್ಲಿ ಏನು ಕಂಡರೂ ‘ಕೊಡಿ ಇಲ್ಲಿ, ಎರಡು ದಿನ ಇಟ್ಕೊಂಡಿರ್ತೀನಿ’ ಎನ್ನುವ ಮನುಷ್ಯ. ಕೊಟ್ಟೆ. ಅಲ್ಲೇ ನಿಂತು ಒತ್ತಿದ, ಒತ್ತಿದ, ಎಲ್ಲವೂ ಮಸುಕು. ‘ಇದು ಕೆಟ್ಟಿದೆ, ಸರ್ವೀಸಿಗೆ ಕೊಡಿ’ ಎಂದು ಸಹಾನುಭೂತಿಯಿಂದ ಹಿಂತಿರುಗಿಸಿದ. ಅಂದಿನಿಂದ ನನ್ನ ಕ್ಯಾಮೆರಾವನ್ನು ಯಾರೂ ಎರವಲು ಕೇಳಿಲ್ಲ.

ಹಕ್ಕಿಯ ಕಣ್ಣನ್ನೂ ಹಿಡಿಯುತ್ತದಂತಲ್ಲ, ನೋಡೋಣವೆಂದು ರಂಗನತಿಟ್ಟಿಗೆ ಹೋದೆ. ಪಕ್ಷಿತಜ್ಞ ಸಲೀಂ ಅಲಿ ಒತ್ತಾಯಿಸಿದ್ದಕ್ಕೆ ಮೈಸೂರು ಸಂಸ್ಥಾನ 1940ರಲ್ಲಿ ಪಕ್ಷಿಧಾಮ ಮಾಡಿದ ಕಾವೇರಿಯ ನಡುಗಡ್ಡೆಗಳು. ಒಂದು ಮರದಲ್ಲಿ ಬಣ್ಣದ ಕೊಕ್ಕರೆಗಳ ಸಂತೆ ನೆರೆದಿತ್ತು. ಚೌಕ ಒಂದು ಕಣ್ಣಿನಿಂದ ಇನ್ನೊಂದಕ್ಕೆ ನೆಗೆನೆಗೆದು ಸುಸ್ತಾಯಿತು. ಯಾವ ಕೊಕ್ಕರೆ ಎಂದು ಮತ್ತೆ ನನ್ನನ್ನೇ ಕೇಳುತ್ತಿತ್ತು. ಕೊನೆಗೆ ಫೋಕಸ್ ಪ್ರದೇಶವನ್ನು ಕಿರಿದು ಮಾಡಿ ಒಂದು ಗೂಡಿಗೆ ಕಟ್ಟಿಹಾಕಿದೆ. ಸೆಕೆಂಡಿಗೆ 20 ಚಿತ್ರ! ತೇಜಸ್ವಿ, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರಂಥವರು 36 ಚಿತ್ರದ ರೀಲು ಹಾಕಿಕೊಂಡು ಹಕ್ಕಿಗಳ ಹಿಂದೆ ಅಲೆದವರು. ಅವರ ಒಂದು ರೀಲು ನನಗೆ ಎರಡು ಸೆಕೆಂಡಿಗೆ ಸಾಲದು. ಮನೆಗೆ ಬಂದು ನೋಡಿದರೆ ಅದೇ ಕೊಕ್ಕರೆ, ಅದೇ ಭಂಗಿ, ಕಂಪ್ಯೂಟರಿನ ತುಂಬ. ಅವರು ಒತ್ತುವ ಮೊದಲು ಆರಿಸುತ್ತಿದ್ದರು, ನಾನು ಒತ್ತಿದ ಮೇಲೆ ರಾತ್ರಿಯೆಲ್ಲ ಕೂತು ಆರಿಸಿದೆ.

ಅಲ್ಲಿ ಪರೀಕ್ಷೆ ಮಾಡಬೇಕಿದ್ದದ್ದು ಪ್ರೀ-ಕ್ಯಾಪ್ಚರ್. ಒಲಿಂಪಸ್ 2016ರಲ್ಲೇ ತನ್ನ ಕ್ಯಾಮೆರಾದಲ್ಲಿ ತಂದದ್ದು, ಈಗ ಹಲವರು ಕೊಡುತ್ತಾರೆ. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಕ್ಯಾಮೆರಾ ಒಳಗೊಳಗೇ ಚಿತ್ರ ತೆಗೆದು ಬಿಸಾಡುತ್ತಿರುತ್ತದೆ. ಪೂರ್ತಿ ಒತ್ತಿದಾಗ, ಒತ್ತುವುದಕ್ಕೆ ಸ್ವಲ್ಪ ಮುಂಚಿನ ಚಿತ್ರಗಳನ್ನೂ ಸೇರಿಸಿ ಕಾರ್ಡಿಗೆ ಬರೆಯುತ್ತದೆ. ಕಣ್ಣು ಕಂಡದ್ದು ಬೆರಳಿಗೆ ತಲುಪುವಷ್ಟರಲ್ಲಿ ಹಕ್ಕಿ ಹಾರಿಹೋಗುವ ನಮ್ಮಂಥವರಿಗೆ ವರ. ಕಪ್ಪುಬಿಳಿ ಮಿಂಚುಳ್ಳಿಯೊಂದು ನೀರಿನ ಮೇಲೆ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತಿತ್ತು. ನಾನು ಅರ್ಧ ಒತ್ತಿ ಕಾದೆ. ಹುಟ್ಟು ಹಾಕುತ್ತಿದ್ದ ದೋಣಿಯವರು ಕೈ ನಿಲ್ಲಿಸಿ, ‘ಕೊಕ್ಕು ಕೆಳಕ್ಕೆ ಮಾಡ್ತು ನೋಡಿ ಸಾರ್, ಈಗ ಬೀಳ್ತದೆ’ ಎಂದರು. ಬಿತ್ತು. ರೆಕ್ಕೆ ಮಡಚಿ ತಲೆಕೆಳಗಾದ ಹಕ್ಕಿ, ಕೊಕ್ಕು ನೀರಿಗೆ ತಾಗುವ ಮೊದಲಿನ ಚಿತ್ರ ಸಿಕ್ಕಿತು. ಅದನ್ನು ತೆಗೆದವರು ಯಾರು ಎಂದರೆ ಹೇಳುವುದು ಕಷ್ಟ. ನಾನು ಒತ್ತುವ ಮೊದಲೇ ಕ್ಯಾಮೆರಾ ತೆಗೆದಿತ್ತು, ಕ್ಯಾಮೆರಾಕ್ಕಿಂತ ಮೊದಲೇ ದೋಣಿಯವರು ನೋಡಿದ್ದರು. ಅವರಿಗೆ ಬ್ಯಾಟರಿಯೂ ಬೇಕಿರಲಿಲ್ಲ. ನಾನು ಜೇಬಿನಲ್ಲಿ ಎರಡನೆಯದನ್ನು ಇಟ್ಟುಕೊಂಡು ಹೋಗಿದ್ದೆ.

ಇಷ್ಟೆಲ್ಲ ಆದ ಮೇಲೆ, ನಮಗೆ ಬೇಕಾದ ಹೊಂದಿಕೆಗಳನ್ನು ಉಳಿಸಿಡಲು ಮೋಡ್ ಡಯಲಿನಲ್ಲಿರುವ ಸಿ1, ಸಿ2, ಸಿ3ಗಳನ್ನು ತುಂಬಿದೆ. ಒಂದು ಮನೆಗೆ, ಒಂದು ಛತ್ರಕ್ಕೆ, ಒಂದು ಹಕ್ಕಿಗೆ. ಉಳಿದ ಪುಟಗಳಿಗೆ ಕೈಮುಗಿದೆ. ಪೂರ್ತಿ ಬಳಸುವುದೆಂದರೆ ಅದು ಕೇಳುವ ಪ್ರಶ್ನೆಗಳಲ್ಲಿ ನನಗೆ ಸಂಬಂಧಪಟ್ಟವಕ್ಕೆ ಉತ್ತರ ಹೇಳುವುದು, ಅಷ್ಟೇ. ಹಾಗಂದುಕೊಂಡು ನೆಮ್ಮದಿಯಾಗಿ, ತಾತನ ಪರಿಹಾರದ ಪುಟ ತೆರೆದೆ.

ಅದರ ಹೆಸರು ಮುಖ ನೋಂದಣಿ. ನಮ್ಮವರ ಮುಖಗಳನ್ನು ಒಂದೊಂದಾಗಿ ದಾಖಲಿಸಿದರೆ ಗುಂಪಿನಲ್ಲಿ ಅವರನ್ನೇ ಹುಡುಕಿ ಫೋಕಸ್ ಮಾಡುತ್ತದೆ. ನನ್ನದರಲ್ಲಿ ಎಂಟು ಮುಖಕ್ಕೆ ಜಾಗ. ಇಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಇವರಲ್ಲಿ ಯಾರು ಮೊದಲು, ಯಾರು ಆಮೇಲೆ, ಕ್ರಮ ಹೇಳು ಎನ್ನುತ್ತದೆ. ಒಂದನೇ ನಂಬರಿನವರು ಚೌಕಟ್ಟಿನಲ್ಲಿದ್ದರೆ ಎರಡನೆಯವರು ಕಾಯಬೇಕು. ಯಾವ ಕೂಡುಕುಟುಂಬದಲ್ಲೂ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ.

‘ಒಂದನೇದು ಯಾರ್ರೀ?’ ಎಂದಳು ಹೆಂಡತಿ, ಕಾಫಿ ಲೋಟ ಇಡುತ್ತ.

‘ಮಗು’ ಎಂದೆ. ಈ ಉತ್ತರಕ್ಕೆ ತಕರಾರು ಬರಲಿಲ್ಲ.

‘ಎರಡನೇದು?’

ಒಳಗೆ ಮಿಕ್ಸಿಯ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದು ಕೈ ಒರೆಸಿಕೊಳ್ಳತೊಡಗಿದರು. ಮಾವ ಪೇಪರು ಕೆಳಗಿಳಿಸಿದರು.

‘ಹಾಗೇನಿಲ್ಲ, ಅದು ಅಕಾರಾದಿ’ ಎಂದೆ. ಹೆಂಡತಿಯ ಹೆಸರು ಅಕಾರದಿಂದ ಶುರುವಾಗುವುದು ಎಂದೋ ಮಾಡಿದ ಪುಣ್ಯ.

‘ಮಗೂ ಹೆಸರು ಶಕಾರದಲ್ಲಲ್ವಾ? ಅದು ಹೇಗೆ ಮೊದಲು ಬಂತು?’ ಎಂದರು ಲೆಕ್ಕ ತಪಾಸಿಗರು.

‘ಅದು ನಾಮಕರಣಕ್ಕಿಂತ ಮುಂಚೆ ಹಾಕಿದ್ದು ಮಾವ. ಆಗಿನ್ನೂ ಹೆಸರಿರಲಿಲ್ಲ. ಹೆಸರಿಲ್ಲದವರು ಪಟ್ಟಿಯಲ್ಲಿ ಮೊದಲು ಬರ್ತಾರೆ.’

ಅವರು ಒಂದು ಕ್ಷಣ ಯೋಚಿಸಿ, ನಿಯಮದಲ್ಲಿ ಅವಕಾಶವಿದೆ ಎಂಬಂತೆ ತಲೆಯಾಡಿಸಿ ಪೇಪರು ಎತ್ತಿಕೊಂಡರು. ಮಿಕ್ಸಿ ಮತ್ತೆ ತಿರುಗಿತು. ನಿಜವಾದ ಕ್ರಮ ಕ್ಯಾಮೆರಾಕ್ಕೆ ಗೊತ್ತಿದೆ, ನನಗೆ ಗೊತ್ತಿದೆ. ಆ ಒಂದು ಪುಟಕ್ಕೆ ಪಾಸ್‌ವರ್ಡ್ ಹಾಕುವ ಸೌಲಭ್ಯ ಮಾತ್ರ ನನ್ನ ಮಾಡೆಲ್ಲಿನಲ್ಲಿ ಇನ್ನೂ ಬಂದಿಲ್ಲ. ಮುಂದಿನ ಫರ್ಮ್‌ವೇರ್ ಅಪ್‌ಡೇಟಿಗೆ ಕಾಯುತ್ತಿದ್ದೇನೆ.