ಬಡ್ಡಿಯಿಲ್ಲದ ಟಿವಿ

"ರೀ, ಕೊತ್ತಂಬರಿ ಎಲ್ಲಿ?"

"ಕಟ್ಟಿಗೆ 20 ಅಂದ್ಲು. 15ಕ್ಕೆ ಇಳೀಲೇ ಇಲ್ಲ, ಬಿಟ್ಟು ಬಂದೆ. ದುಡ್ಡೇನು ಪುಕ್ಕಟೆ ಬರುತ್ತಾ?"

"ಮತ್ತೆ ಈ ಡಬ್ಬ?"

"55 ಇಂಚಿನ ಟಿವಿ ಕಣೇ! ನೋ ಕಾಸ್ಟ್ ಇಎಂಐ. ಪೈಸೆ ಬಡ್ಡಿಯಿಲ್ಲ."

"ಒಟ್ಟಿಗೇ ದುಡ್ಡು ಕೊಟ್ಟಿದ್ರೆ?"

"ಮೂರು ಸಾವಿರ ಡಿಸ್ಕೌಂಟಿತ್ತು."

"ಅದೇ ಬಡ್ಡಿ."

"ಬಡ್ಡಿ ಸೊನ್ನೆ ಅಂತ ದಪ್ಪಕ್ಷರದಲ್ಲಿದೆ, ನೋಡು!"

"ಕೆಳಗೆ ಸಣ್ಣಕ್ಷರದಲ್ಲಿ?"

(ಕನ್ನಡಕದ ಹುಡುಕಾಟ. ಇಂಥ ಕಾಗದ ಓದುವಾಗ ಮಾತ್ರ ಅದು ಕೈಗೆ ಸಿಗುವುದಿಲ್ಲ.)

"ಪ್ರೊಸೆಸಿಂಗ್ ಫೀಸು 199... ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ..."

"ಇಲ್ಲದ ಬಡ್ಡಿಗೆ ತೆರಿಗೆಯಾ?"

"ಸರ್ಕಾರಕ್ಕೆ ಕಾಣುತ್ತೆ, ನಮಗೆ ಕಾಣಲ್ಲ, ಅಷ್ಟೆ."

"ಹಳೇ ಟಿವಿಗೇನಾಗಿತ್ತು?"

"ರಿಮೋಟಿನ ಸೆಲ್ ಹೋಗಿತ್ತು. ಜೋಡಿಗೆ 40 ಅಂದ. ದುಬಾರಿ ಅನ್ನಿಸ್ತು."