ರೈಲಿಲ್ಲದ ಊರಿನ ರೈಲ್ವೆ

ನವಲಗುಂದಕ್ಕೆ ಯಾವುದಕ್ಕೂ ಕೊರತೆಯಿಲ್ಲ. ಬೇಡಿದ್ದನ್ನು ಕೊಡುವ ರಾಮಲಿಂಗ ಕಾಮಣ್ಣನಿದ್ದಾನೆ, ನಾಗಲಿಂಗಜ್ಜನ ಮಠವಿದೆ, ಭೌಗೋಳಿಕ ಸೂಚಕದ ಮುದ್ರೆ ಒತ್ತಿಸಿಕೊಂಡ ಜಮಖಾನೆ ಇದೆ, ಸರ್ಕಾರವನ್ನೇ ಅಲುಗಾಡಿಸಿದ 1980ರ ಜುಲೈ 21ರ ರೈತ ಬಂಡಾಯದ ನೆನಪಿದೆ, ಮಳೆ ಹೆಚ್ಚಾದರೆ ಉಕ್ಕಿ ದಾರಿ ಕಟ್ಟುವ ಬೆಣ್ಣೆಹಳ್ಳವೂ ಇದೆ. ಇಲ್ಲದ್ದು ರೈಲು ಒಂದೇ. ಹೋಳಿ ಹುಣ್ಣಿಮೆಗೆ ಕಾಮಣ್ಣನ ಮುಂದೆ ನಿಂತು ಜನ ನೌಕರಿ, ಮದುವೆ, ಮಕ್ಕಳು, ಮನೆ ಬೇಡಿ ಹರಕೆ ಹೊರುತ್ತಾರೆ. ಊರಿಗೊಂದು ರೈಲು ಬರಲಿ ಎಂದು ಹೊತ್ತವರು ಯಾರೂ ಇದ್ದಂತಿಲ್ಲ. ನಮ್ಮವರು ರೈಲು ತಡೆ ಚಳವಳಿ ಮಾಡಬೇಕೆಂದರೂ ಮೊದಲು ಬಸ್ಸು ಹಿಡಿಯಬೇಕು.

ಒಂದು ಕಾಲದಲ್ಲಿ ಅಣ್ಣಿಗೇರಿ ಸ್ಟೇಷನ್ ನಮ್ಮ ತಾಲೂಕಿನದು ಎಂದು ಹೇಳಿಕೊಳ್ಳಲಾದರೂ ಬರುತ್ತಿತ್ತು. 2018ರ ಹೊತ್ತಿಗೆ ಅಣ್ಣಿಗೇರಿ ಬೇರೆ ತಾಲೂಕಾಗಿ, ಅಣ್ಣತಮ್ಮಂದಿರ ಪಾಲಿನಲ್ಲಿ ದೊಡ್ಡ ಹಂಡೆ ಆಚೆ ಮನೆಗೆ ಹೋಗುವಂತೆ ಸ್ಟೇಷನ್ನೂ ಆ ಕಡೆ ಹೋಯಿತು. ಪಂಪನ ಊರು ಎಂಬ ಹೆಗ್ಗಳಿಕೆ, ಅಮೃತೇಶ್ವರ ಗುಡಿ, ಮೇಲೆ ರೈಲು. ಇಷ್ಟೆಲ್ಲ ಒಂದೇ ಊರಿಗೆ ಯಾಕೆ ಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಇಂಥ ಊರಿನಲ್ಲಿದ್ದುಕೊಂಡು, ನೌಕರಿಯಿಂದ ನಿವೃತ್ತನಾದ ಮೇಲೆ, ರೈಲಿನ ಫೋಟೊ ತೆಗೆಯುವುದು, ಮಾದರಿ ರೈಲು ಓಡಿಸುವುದು ನನ್ನ ಹವ್ಯಾಸ ಎಂದರೆ ಜನ ನಗುತ್ತಾರೆ. ಕಟ್ಟೆಯ ಮೇಲಿನ ಗೆಳೆಯರು ಮುಖದ ಮೇಲೇ ಕೇಳುತ್ತಾರೆ: “ಅಲ್ರೀ, ನಿಮಗ ಪೆನ್ಶನ್ ಬರೋದು ಇದಕ್ಕೇನ್ರೀ?” ಇದಕ್ಕೇ. ಆದರೆ ನನ್ನದೊಂದು ಸಿದ್ಧಾಂತವಿದೆ. ರೈಲಿರುವ ಊರಿನವರು ರೈಲನ್ನು ನೋಡುವುದಿಲ್ಲ. ಹುಬ್ಬಳ್ಳಿಯವನು ಗಾಡಿ ಬಂದರೆ ಕೈಗಡಿಯಾರ ನೋಡಿಕೊಂಡು ಎಷ್ಟು ಲೇಟು ಎಂದು ಬೈಯುತ್ತಾನೆ. ನಮ್ಮೂರವನು ಬಾಯಿ ತೆರೆದು ಗಾಡಿಯನ್ನೇ ನೋಡುತ್ತಾನೆ. ಸಣ್ಣವನಿದ್ದಾಗ ಬಂಡಿ ಹತ್ತಿ ಅಣ್ಣಿಗೇರಿಗೆ ಹೋಗಿ ಉಗಿ ಎಂಜಿನ್ ನೋಡಿದವನಿಗೆ ಆ ಹುಚ್ಚು ಬಿಡುವುದುಂಟೆ?

ಹುಚ್ಚಿಗೆ ಓದೂ ಸ್ವಲ್ಪ ತುಪ್ಪ ಸುರಿಯಿತು. ಧಾರವಾಡದ ಕರ್ನಾಟಕ ಕಾಲೇಜಿನ ಕಲ್ಲಿನ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿತ್ತು. 1882ರಲ್ಲಿ ಹುಟ್ಟಿದ ಆ ಕಂಪನಿ ಹುಬ್ಬಳ್ಳಿ, ಗದಗ, ಹೊಟಗಿ ಎಂದು ನಮ್ಮ ಸೀಮೆಯಲ್ಲೆಲ್ಲ ಮೀಟರ್‌ಗೇಜ್ ಹಳಿ ಹಾಸಿತು. 1908ರಲ್ಲಿ ಮದ್ರಾಸ್ ರೈಲ್ವೆಯ ಜೊತೆ ಕೂಡಿಕೊಂಡಿತು. ಆಮೇಲೆ ಅದೇ ಕಟ್ಟಡಕ್ಕೆ ಕಾಲೇಜು ಬಂತು. ಸಾಹೇಬರು ಕೂತು ಗಾಡಿಗಳ ವೇಳಾಪಟ್ಟಿ ಬರೆದ ಕೋಣೆಗಳಲ್ಲಿ ಕೂತು ನಾವು ತರ್ಕಶಾಸ್ತ್ರ ಓದಿದೆವು. ಪಾಠದ ನಡುವೆ ನನ್ನ ಮನಸ್ಸು ಹಳಿ ತಪ್ಪುತ್ತಿದ್ದುದಕ್ಕೆ ಕಟ್ಟಡದ ವಾಸ್ತುವೂ ಕಾರಣವಿರಬಹುದು.

ಫೋಟೊ ತೆಗೆಯುವುದೆಂದರೆ ಗಾಡಿ ಬಂದಾಗ ಗುಂಡಿ ಒತ್ತುವುದು ಎಂದು ತಿಳಿದವರು ಬಹಳ. ಅಸಲಿಗೆ ಅದು ಕಾಯುವ ಕೆಲಸ. ಹುಬ್ಬಳ್ಳಿ–ಗದಗ ಹಳಿ ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತದೆ. ಹಾಗಾಗಿ ವರ್ಷದ ಬಹುಪಾಲು ಸೂರ್ಯ ದಕ್ಷಿಣ ಮಗ್ಗುಲಲ್ಲಿರುತ್ತಾನೆ, ನಾವೂ ದಕ್ಷಿಣದ ಹೊಲದಲ್ಲೇ ನಿಲ್ಲಬೇಕು. ಆದರೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆಗ ಹಳೆಯ ಜಾಗದಲ್ಲೇ ನಿಂತರೆ ಎಂಜಿನ್ನಿನ ನಮ್ಮ ಕಡೆಯ ಮಗ್ಗುಲು ಕರಿಯಾಗಿ ಬರುತ್ತದೆ. ಕೆಳಗೆ ಎರಿಭೂಮಿ, ಅದೂ ಕರಿ. ಕರಿಯ ಮೇಲೆ ಕರಿ ತೆಗೆದು ಮನೆಯಲ್ಲಿ ತೋರಿಸಿದರೆ ಹೆಂಡತಿ ಕೇಳುವ ಪ್ರಶ್ನೆ ಒಂದೇ: “ಇದರಾಗ ರೈಲು ಯಾವುದು?”

ಹಿಂಗಾರಿ ಹಂಗಾಮಿನಲ್ಲಿ ಮಾತ್ರ ಈ ಸೀಮೆ ಫೋಟೊಗ್ರಾಫರನನ್ನು ಕೈಬಿಡುವುದಿಲ್ಲ. ಕಡಲೆ ಹಸಿರು, ಕುಸುಬೆಯ ಹಳದಿ, ನಡುವೆ ಗೂಡ್ಸು. ಹೊಲದ ಒಡೆಯನ ಅಪ್ಪಣೆ ಕೇಳದೆ ಬದುವಿನ ಮೇಲೆ ನಿಲ್ಲುವವನು ನಾನಲ್ಲ. ಕೇಳಿದರೆ ಇಲ್ಲ ಎಂದವರೂ ಇಲ್ಲ. ಒಂದು ಹಿಡಿ ಕಡಲೆಗಿಡ ಕಿತ್ತು ಕೈಗೆ ಕೊಡುತ್ತಾರೆ, ಆಮೇಲೆ ಮಾತಿಗೆ ಕೂಡುತ್ತಾರೆ. ಮಾತು ಕಳಸಾ-ಬಂಡೂರಿ ನೀರಿನ ಯೋಜನೆಗೆ ಬಂದು ತಲುಪುವಷ್ಟರಲ್ಲಿ ಗಾಡಿ ಹೋಗಿಬಿಟ್ಟಿರುತ್ತದೆ. ಖಾಕಿ ತೊಟ್ಟವರೊಬ್ಬರು ಒಮ್ಮೆ ನನ್ನ ಕ್ಯಾಮೆರಾ ಕಂಡು ಯಾವ ಪತ್ರಿಕೆ ಎಂದರು. ಯಾವುದೂ ಅಲ್ಲ ಎಂದೆ. ಹಾಗಾದರೆ ಯಾಕೆ ಎಂದರು. ಪ್ರೀತಿಗೆ ಎಂದೆ. ಆ ಉತ್ತರಕ್ಕೆ ಅವರ ಬಳಿ ಯಾವ ಕಲಮೂ ಇರಲಿಲ್ಲ. ಕೊನೆಗೆ ತಮ್ಮದೊಂದು ಫೋಟೊ ತೆಗೆಸಿಕೊಂಡು, ಹಳಿಯಿಂದ ದೂರ ನಿಲ್ಲಿರಿ ಎಂದು ಹೇಳಿ ಹೋದರು. ಅವರು ಹೇಳಿದ್ದು ನಿಜ. ಹಳಿಯ ಮೇಲೆ ಅತಿಕ್ರಮವಾಗಿ ಕಾಲಿಡುವುದು 1989ರ ರೈಲ್ವೆ ಕಾಯ್ದೆಯಂತೆ ಅಪರಾಧ. ಸೆಲ್ಫಿ ತೆಗೆಯಲು ಹಳಿ ಮೇಲೆ ನಿಲ್ಲುವ ಹುಡುಗರಿಗೆ ನಾನೂ ಮಾಸ್ತರಿಕೆ ಮಾಡುತ್ತೇನೆ.

ಈಗ ಹುಬ್ಬಳ್ಳಿ–ಗದಗ ದಾರಿಯಲ್ಲಿ ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ, ಹೆಜ್ಜೆಹೆಜ್ಜೆಗೆ ಕಂಬ. ದೇಶಕ್ಕೆ ಒಳ್ಳೆಯದು, ಚಿತ್ರಕ್ಕಲ್ಲ. ಎಂಜಿನ್ನಿನ ಮೂಗಿಗೂ ನನ್ನ ಕಣ್ಣಿಗೂ ನಡುವೆ ಸರಿಯಾಗಿ ಒಂದು ಕಂಬ ಬಂದು ನಿಲ್ಲುತ್ತದೆ.

ವಯಸ್ಸಾದವರ ಚಾಳಿ, ಮೀಟರ್‌ಗೇಜಿನ ಮಾತು ತೆಗೆಯದೆ ಇರಲಾಗದು. ಪ್ಯಾಸೆಂಜರಿಗೆ ವೈ.ಪಿ. ಎಂಜಿನ್, ಗೂಡ್ಸಿಗೆ ವೈ.ಜಿ. ವೈ.ಪಿ.ಗೆ ಎಳೆಯುವ ಗಾಲಿ ಆರು, ವೈ.ಜಿ.ಗೆ ಎಂಟು, ದೂರದಿಂದಲೇ ಎಣಿಸಿ ಹೇಳುವುದು ಹುಡುಗರ ಪಂದ್ಯ. ಒಂಟಿ ಹಳಿಯಾದ್ದರಿಂದ ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗಲು ಅಪ್ಪಣೆಯ ಟೋಕನ್ ಬೇಕಿತ್ತು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಕಬ್ಬಿಣದ ಚೆಂಡು. ನಿಲ್ಲದೆ ಓಡುವ ಗಾಡಿಯಿಂದ ಒಂದು ಬಳೆ ಎಸೆದು ಇನ್ನೊಂದನ್ನು ತೋಳಿಗೆ ಸಿಕ್ಕಿಸಿಕೊಳ್ಳುವ ಫೈರ್‌ಮನ್ನನ ಕಸುಬು ಯಾವ ದೊಡ್ಡಾಟದ ಪಾತ್ರಧಾರಿಗೂ ಕಡಿಮೆಯದಲ್ಲ. ಚಿತ್ತರಂಜನ್ ಕಾರ್ಖಾನೆ ಕಟ್ಟಿದ ಕೊನೆಯ ಉಗಿ ಎಂಜಿನ್ ಮೀಟರ್‌ಗೇಜಿನ ವೈ.ಜಿ.ಯೇ, 1972ರಲ್ಲಿ. 1990ರ ದಶಕದಲ್ಲಿ ನಮ್ಮ ಹಳಿ ಬ್ರಾಡ್‌ಗೇಜ್ ಆಯಿತು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಬಳಿ ಕಲಿಯಲು ಕುಂದಗೋಳಕ್ಕೆ ಹೋಗುತ್ತಿದ್ದದ್ದೂ ಮೀಟರ್‌ಗೇಜಿನಲ್ಲೇ. ಕಿರಾಣಾ ಘರಾನೆಯ ಚರಿತ್ರೆ ಬರೆಯುವವರು ಆ ಪ್ಯಾಸೆಂಜರ್ ಗಾಡಿಗೂ ಒಂದು ಸಾಲು ಕೊಡಬೇಕೆಂಬುದು ನನ್ನ ತಕರಾರು.

ಆದರೆ ಆ ಗಾಡಿಗಳ ಫೋಟೊ ತೆಗೆದವರು ನಾವಲ್ಲ. ಬ್ರಿಟನ್ನಿನ ಮುಖ್ಯ ಹಳಿಗಳಲ್ಲಿ ಉಗಿ ಎಂಜಿನ್ 1968ರಲ್ಲೇ ನಿಂತುಹೋಯಿತು. ಅಲ್ಲಿನ ಹುಚ್ಚರು ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಭಾರತಕ್ಕೆ ಬಂದರು, ಬಿಸಿಲಲ್ಲಿ ಕೆಂಪಾಗಿ ನಿಂತು ನಮ್ಮ ಹೊಗೆ ತುಂಬಿಕೊಂಡು ಹೋದರು. ನಾವು ಆ ಕಾಲದಲ್ಲಿ ಅವರನ್ನೇ ನೋಡುತ್ತ ನಿಂತಿದ್ದೆವು. ಮೂವತ್ತಾರು ಚಿತ್ರದ ಒಂದು ರೋಲು ಇದ್ದರೆ ಅದು ಮದುವೆಗೆ, ಜವಳಕ್ಕೆ. ಎಂಜಿನ್ನಿಗೆ ಒಂದು ಫ್ರೇಮು ಖರ್ಚು ಮಾಡಿದ್ದರೆ ಅಪ್ಪ ಸುಮ್ಮನಿರುತ್ತಿದ್ದನೆ?

ಡೀಸೆಲ್ಲಿನ ಬಗ್ಗೆ ನನ್ನ ಓರಗೆಯವರು ಮೂಗು ಮುರಿಯುತ್ತಾರೆ, ನಾನು ಮುರಿಯುವುದಿಲ್ಲ. ಶತಮಾನದ ಕೊನೆಗೆ ಅಮೆರಿಕದ ಜನರಲ್ ಮೋಟರ್ಸಿನಿಂದ 4000 ಅಶ್ವಶಕ್ತಿಯ ಎಂಜಿನ್ನುಗಳು ಬಂದಾಗ ಅವುಗಳ ಮೊದಲ ಮನೆ ಹುಬ್ಬಳ್ಳಿಯ ಡೀಸೆಲ್ ಶೆಡ್ಡು. ದೇಶದ ಯಾವ ಮೂಲೆಯ ರೈಲು ಹುಚ್ಚನಿಗೂ ಹುಬ್ಬಳ್ಳಿ ಎಂದರೆ ಮೊದಲು ಅದೇ ನೆನಪು, ಆಮೇಲೆ ಮಿರ್ಚಿ-ಗಿರ್ಮಿಟ್ಟು. ಗದಗ ರಸ್ತೆಯ ಕಡೆ 2020ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆದಿದೆ. ಮಲಪ್ರಭಾ, ಘಟಪ್ರಭಾ ಎಂಬ ಹೆಸರಿನ ಎರಡು ಹಳೆಯ ರೈಲ್ವೆ ಮನೆಗಳನ್ನು ಉಳಿಸಿಕೊಂಡು ಮಾಡಿದ್ದು. ಮಲಪ್ರಭೆಯ ನೀರಿಗಾಗಿ ಹೋರಾಡಿದ ಊರಿನವನಾದ ನನಗೆ ಆ ಹೆಸರಿನ ಮನೆಯೊಳಗೆ ಟಿಕೆಟು ಕೊಂಡು ಹೋಗುವಾಗ ಒಂದು ಥರ ಆಗುತ್ತದೆ.

ಇನ್ನು ಮಾದರಿ ರೈಲು. ಮೊಮ್ಮಕ್ಕಳ ನೆಪ ಹೇಳಿ ಆರಂಭಿಸಿದ್ದು. ಮೊಮ್ಮಕ್ಕಳು ಮೊಬೈಲಿಗೆ ಹೋದರು, ನಾನು ಉಳಿದೆ. ಎಚ್‌ಓ ಎಂಬ ಅಳತೆಯಲ್ಲಿ ಎಲ್ಲವೂ ಅಸಲಿನ 87ನೇ ಒಂದು ಪಾಲು. ನಮ್ಮ ನೀಲಿ ಬೋಗಿ ಇಪ್ಪತ್ನಾಲ್ಕೂವರೆ ಸೆಂಟಿಮೀಟರ್ ಆಗುತ್ತದೆ. ಒಂದು ಎಂಜಿನ್, ಮೂರು ಬೋಗಿ ಎಂದರೆ ಒಂದು ಮೀಟರ್ ಮುಗಿಯಿತು. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಮಾಡೋಣವೆಂದು ಲೆಕ್ಕ ಹಾಕಿದೆ. ಅಸಲಿನದು 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. 87ರಿಂದ ಭಾಗಿಸಿದರೆ ಹದಿನೇಳು ಮೀಟರ್ ಚಿಲ್ಲರೆ. ಪಡಸಾಲೆಯಿಂದ ಹೊರಟು ಅಡುಗೆಮನೆ, ಹಿತ್ತಲು ದಾಟಿ ಪಕ್ಕದವರ ದನದ ಕೊಟ್ಟಿಗೆಯಲ್ಲಿ ಮುಗಿಯುತ್ತಿತ್ತು. ಯೋಜನೆ ಕೈಬಿಡಲಾಯಿತು, ಭೂಸ್ವಾಧೀನದ ತೊಂದರೆ.

ಇನ್ನೊಂದು ತೊಡಕೂ ಇದೆ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರ್, ಅದು ಯುರೋಪು-ಅಮೆರಿಕದ 1435 ಮಿಲಿಮೀಟರ್ ಹಳಿಯ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676. ಲೆಕ್ಕ ಸರಿಬರಬೇಕೆಂದರೆ 19 ಮಿಲಿಮೀಟರಿಗೂ ತುಸು ಹೆಚ್ಚು ಬೇಕು, ಅದನ್ನು ಕೈಯಿಂದಲೇ ಕಟ್ಟಬೇಕು. ಹೆಚ್ಚಿನವರು ಕಣ್ಣು ಮುಚ್ಚಿ ಭಾರತದ ಬೋಗಿಯನ್ನು ವಿಲಾಯಿತಿ ಹಳಿಯ ಮೇಲೆ ಓಡಿಸುತ್ತಾರೆ. ನಾನೂ ಅದೇ ಪಂಗಡ. ಎಂಬತ್ತೇಳು ಪಾಲು ಸಣ್ಣದಾದ ಲೋಕದಲ್ಲಿ ಮೂರು ಮಿಲಿಮೀಟರಿಗೆ ಜಗಳವೇಕೆ?

ಮೊದಲು ಹಳಿ ಹಾಕಿದ್ದು ನೆಲಕ್ಕೆ ಹಾಸಿದ ಜಮಖಾನೆಯ ಮೇಲೆ. ಪಗಡೆ ಹಾಸಿನ ಚಿತ್ತಾರದ ನಡುವೆ ಗಾಡಿ ಸುತ್ತುವುದು ನೋಡಲು ಬಲು ಚಂದ. ಜಮಖಾನೆಯ ನೂಲಿನ ಎಳೆ ಮಾತ್ರ ಗಾಲಿಯ ಅಚ್ಚಿಗೆ ಸುತ್ತಿಕೊಂಡು ಮೋಟರಿನ ಹಲ್ಲಿನೊಳಗೆ ಹೋಗುತ್ತದೆ. ನಮ್ಮೂರ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ನೇಯ್ದದ್ದು ಎಂಜಿನ್ ಓಡಿಸಲಿಕ್ಕಲ್ಲ ಎಂದು ಮನೆಯಲ್ಲಿ ತೀರ್ಪಾಯಿತು. ಹಳಿ ಹಲಗೆಯ ಮೇಲೆ ಹತ್ತಿತು. ಹಲಗೆಗೆ ಹೊಲ ಬೇಕಲ್ಲ? ವಿಲಾಯಿತಿಯವರು ಬಣ್ಣದ ಪುಡಿ ಮಾರುತ್ತಾರೆ, ನಮಗೇಕೆ? ಅಸಲಿ ಎರಿಮಣ್ಣನ್ನೇ ಚಹದ ಜಾಳಿಗೆಯಲ್ಲಿ ಸೋಸಿ, ಗೋಂದಿನ ನೀರಲ್ಲಿ ಕಲಸಿ ಬಳಿದೆ. ಎರಿ ಎಲ್ಲಿ ಹೋದರೂ ತನ್ನ ಗುಣ ಬಿಡುವುದಿಲ್ಲ. ನೀರು ಕುಡಿದು ಉಬ್ಬಿತು, ಒಣಗಿ ಬಿರಿಯಿತು, ಹಳಿಯನ್ನು ಅಲ್ಲಲ್ಲಿ ಎತ್ತಿ ಹಿಡಿಯಿತು. ಬೇಸಿಗೆಯ ಹೊಲದ ಬಿರುಕುಗಳು ಮಾತ್ರ ಯಾವ ಕಲಾವಿದನೂ ಬಿಡಿಸಲಾರದಷ್ಟು ಸಹಜ. ನಿಜವಾದ ರೈಲ್ವೆಯವರಿಗೂ ಇದೇ ಗೋಳು. ಅದಕ್ಕೇ ಅವರು ಕರಿಮಣ್ಣಿಗೂ ಜಲ್ಲಿಗೂ ನಡುವೆ ಗಟ್ಟಿ ಗರಸಿನಂಥ ಒಂದು ಪದರ ಹಾಕುತ್ತಾರೆ. ನಾನು ಬಾಟಲಿಯ ಕಾರ್ಕ್ ಬಿರಡೆಗಳನ್ನು ಸೀಳಿ ಆ ಪದರ ಮಾಡಿದೆ.

ಈ ವಿದ್ಯೆಯಲ್ಲಿ ಗುರುಸ್ಥಾನ ನೋಡಬೇಕೆನ್ನುವವರು ಪುಣೆಯ ಕೊಥರೂಡಿಗೆ ಹೋಗಬೇಕು. ಭಾವುಸಾಹೇಬ ಜೋಶಿಯವರು ಕಟ್ಟಿದ ಕಿರುರೈಲುಗಳ ಸಂಗ್ರಹಾಲಯ ಅಲ್ಲಿದೆ, 1998ರಿಂದ. ಸಿಗ್ನಲ್ಲು, ಸೇತುವೆ, ಊರು, ಕೇರಿ ಎಲ್ಲ ಒಂದೇ ಕೋಣೆಯಲ್ಲಿ. ಅಲ್ಲಿಂದ ಬಂದವನು ಸುಮ್ಮನಿರಲಾರ.

ನನ್ನ ಹಲಗೆಯ ಮೇಲಿನ ಮುಖ್ಯ ಸ್ಟೇಷನ್ನಿನ ಹೆಸರು ನವಲಗುಂದ ಜಂಕ್ಷನ್. ಹಳದಿ ಫಲಕದ ಮೇಲೆ ಮೂರು ಭಾಷೆಯಲ್ಲಿ ಬರೆಸಿದ್ದೇನೆ, ಸಮುದ್ರ ಮಟ್ಟದಿಂದ ಎತ್ತರದ ಜಾಗ ಖಾಲಿ ಬಿಟ್ಟಿದ್ದೇನೆ. ಹಲಗೆಯ ಎತ್ತರ ಬರೆದರೆ ಯಾರಾದರೂ ತಕರಾರು ತೆಗೆದಾರು. ಸಮೀಕ್ಷೆ ಆಗಿಲ್ಲ, ಟೆಂಡರ್ ಕರೆದಿಲ್ಲ, ಶಿಲಾನ್ಯಾಸಕ್ಕೆ ಯಾರೂ ಬಂದಿಲ್ಲ. ಗಾಡಿ ಮಾತ್ರ ದಿನಾ ಸಂಜೆ ಬರುತ್ತದೆ, ಕರೆಂಟು ಇದ್ದರೆ. ಅಣ್ಣಿಗೇರಿಯನ್ನು ಚಿಕ್ಕ ಹಾಲ್ಟ್ ಮಾಡಿದ್ದೇನೆ. ಎಕ್ಸ್‌ಪ್ರೆಸ್ಸುಗಳು ಅಲ್ಲಿ ನಿಲ್ಲುವುದಿಲ್ಲ. ಇದರಲ್ಲಿ ದ್ವೇಷವೇನೂ ಇಲ್ಲ.

ಹಲಗೆಯ ಮೇಲಿನ ಉಳಿದ ಕೆಲಸ ನಿಂತಿರುವುದು ಒಂದೇ ಕಾರಣಕ್ಕೆ. ಮೀಟರ್‌ಗೇಜ್ ಕಾಲದ ನಮ್ಮ ಸ್ಟೇಷನ್ನುಗಳ ಛಾವಣಿ, ನೀರಿನ ತೊಟ್ಟಿ, ಗೇಟು, ಗಾಡಿಯ ಬಣ್ಣ ಹೇಗಿದ್ದವು ಎಂದು ನೋಡಿ ಮಾಡಲು ಚಿತ್ರ ಬೇಕು. ಆ ಚಿತ್ರಗಳು ಇರುವುದು ಓದುಗರೇ, ನಿಮ್ಮ ಮನೆಯ ಟ್ರಂಕಿನಲ್ಲಿ. ಅಣ್ಣಿಗೇರಿಯಲ್ಲೋ ಕುಂದಗೋಳದಲ್ಲೋ ಹುಲಕೋಟಿಯಲ್ಲೋ ಇಳಿದ ಬೀಗರ ದಿಬ್ಬಣ ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊ ಒಂದಾದರೂ ಇರುತ್ತದೆ. ಮುಂದೆ ನಿಂತ ಬೀಗರನ್ನು ಬಿಡಿ, ಅವರ ಹೆಗಲ ಹಿಂದೆ ಏನಿದೆ ನೋಡಿ. ಎಂಜಿನ್ನಿನ ಮೂತಿಯೋ ಸಿಗ್ನಲ್ಲಿನ ಕೈಯೋ ಕಂಡರೆ, ಮನೆಯ ಹಿರಿಯರು ಇರುವಾಗಲೇ ಊರು, ವರ್ಷ ಕೇಳಿಕೊಂಡು ಫೋಟೊದ ಬೆನ್ನಿಗೆ ಬರೆದಿಡಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಮೆಲ್ಲಗೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಅಚ್ಚು ಮುಂದಿನ ಮುಖಕ್ಕೆ ಮೂಡುತ್ತದೆ.